ಅಳಿಯನ ಕೈ ಹೋಗದ ಜಾಗ

ಜರ್ಜಿಸ್, 4 ಅಕ್ಟೋಬರ್ 1992

ಪ್ರೀತಿಯ ಅಪ್ಪನಿಗೆ,

ಸಾಲ್ಹಾಳ ಸಲಾಮುಗಳು. ಇಲ್ಲಿ ಎಲ್ಲರೂ ಕ್ಷೇಮ. ನಿಮ್ಮ ಎಡಗಾಲಿನ ಹುಣ್ಣು ಒಣಗುತ್ತಿದೆಯೇ? ಟ್ಯೂನಿಸ್‌ನ ಡಾಕ್ಟರು ಏನೆನ್ನುತ್ತಾರೆ? ಮೊಂಜಿ ಅಣ್ಣನ ಮನೆ ಮೂರನೇ ಮಹಡಿಯಲ್ಲಿದೆ, ಮೆಟ್ಟಿಲು ಹತ್ತಿಳಿದು ಕಾಲಿಗೆ ತೊಂದರೆ ಮಾಡಿಕೊಳ್ಳಬೇಡಿ. ಲತೀಫಾ ಅತ್ತಿಗೆ ಸಿಹಿ ಕೊಡುವುದಿಲ್ಲವೆಂದು ಅವರ ಮೇಲೆ ಸಿಟ್ಟಾಗಬೇಡಿ. ನಿಮ್ಮ ಸಕ್ಕರೆ ಕಾಯಿಲೆಗೆ ಅವರು ಮಾಡುತ್ತಿರುವುದೇ ಸರಿ.

ಹೇಳಲೇಬೇಕಾದ ಒಂದು ವಿಷಯವಿದೆ. ವ್ಯಾನಿನ ಇಂಜಿನ್ ಹೋಯಿತು. ನಿಮ್ಮ ಅಳಿಯ ಲಸಾದ್ ಮೆದ್‌ನೀನ್ ಪೇಟೆಯಿಂದ ಬರುವಾಗ ರೇಡಿಯೇಟರಿನ ಪೈಪು ಒಡೆದು ನೀರೆಲ್ಲ ಸೋರಿಹೋಗಿದೆ. ಗೊತ್ತಾಗದೆ ಓಡಿಸಿಕೊಂಡೇ ಬಂದಿದ್ದಾರೆ. ಊರ ಹತ್ತಿರ ಬಂದಾಗ ಇಂಜಿನ್ ಒಮ್ಮೆ ಕಿರುಚಿ ನಿಂತಿತಂತೆ, ಈಗ ಒಂದು ಸುತ್ತೂ ತಿರುಗುವುದಿಲ್ಲ. ನೀವು ಗಾಬರಿಯಾಗಬೇಡಿ. ಬೇರೆ ಇಂಜಿನ್ ತಂದು ಇಲ್ಲೇ ಮನೆಯ ಅಂಗಳದಲ್ಲಿ ಕೂರಿಸುತ್ತೇನೆಂದು ಲಸಾದ್ ಹೇಳುತ್ತಿದ್ದಾರೆ. ಆಲಿವ್ ಕೊಯ್ಲು ಶುರುವಾಗುವುದರೊಳಗೆ ವ್ಯಾನು ಓಡಬೇಕು. ಇಲ್ಲದಿದ್ದರೆ ನಮ್ಮ ಕೇರಿಯ ಹೆಂಗಸರು ಮತ್ತೆ ಆ ಗುತ್ತಿಗೆದಾರನ ತೆರೆದ ಲಾರಿಯಲ್ಲಿ ನಿಂತುಕೊಂಡೇ ತೋಟಕ್ಕೆ ಹೋಗಬೇಕಾಗುತ್ತದೆ. ಕಳೆದ ವರ್ಷ ಆ ಲಾರಿಯಿಂದ ಬಿದ್ದ ಹಬೀಬಾಳ ಸೊಂಟ ಇನ್ನೂ ನೆಟ್ಟಗಾಗಿಲ್ಲ.

ನೀವು ಬರುವ ಹೊತ್ತಿಗೆ ವ್ಯಾನು ನಿಮ್ಮನ್ನು ಕಾಯುತ್ತಿರುತ್ತದೆ.

ನಿಮ್ಮ ಮಗಳು,
ಸಾಲ್ಹಾ

~

ಟ್ಯೂನಿಸ್, 13 ಅಕ್ಟೋಬರ್ 1992

ಮಗಳೇ ಸಾಲ್ಹಾ,

ನಿನ್ನ ಕಾಗದ ಬಂತು. ಕ್ಷೇಮದ ಮಾತನ್ನು ಮೊದಲು ಬರೆದು ಇಂಜಿನ್ ವಿಷಯವನ್ನು ಆಮೇಲೆ ಬರೆದಿದ್ದೀಯ. ಅಲ್ಲೇ ನನಗೆ ಅನುಮಾನ ಬಂತು.

ಆ ಇಂಜಿನ್‌ನಲ್ಲಿ ನಾನು ಟ್ರಿಪೋಲಿಗೆ ಹೋಗಿಬಂದಿದ್ದೇನೆ. ಮರಳು ಗಾಳಿಯಲ್ಲಿ ಓಡಿಸಿದ್ದೇನೆ. ಕುರಿ, ಮದುಮಕ್ಕಳು, ಒಮ್ಮೆ ಹೆಣ, ಎಲ್ಲವನ್ನೂ ಸಾಗಿಸಿದ್ದೇನೆ. ಒಂದು ದಿನ ಕೈಕೊಡಲಿಲ್ಲ. ನಿನ್ನ ಗಂಡನ ಕೈಗೆ ಕೊಟ್ಟು ಬೇಸಿಗೆ ಕಳೆಯಲಿಲ್ಲ, ಕಿರುಚಿ ನಿಂತಿತಂತೆ. ಬಿಸಿ ತೋರಿಸುವ ಮುಳ್ಳು ಕಣ್ಣೆದುರಿಗೇ ಇದೆಯಲ್ಲ, ಅದನ್ನು ನೋಡದೆ ಈ ಮಹಾರಾಯ ಏನು ನೋಡುತ್ತಿದ್ದ?

ಇನ್ನು ಅವನೇ ಇಂಜಿನ್ ಕೂರಿಸುತ್ತಾನೆಂಬ ಮಾತು. ಲಸಾದ್ ಟೈರು ಬದಲಿಸಿದ್ದನ್ನು ನಾನು ನೋಡಿದ್ದೇನೆ. ಜಾಕನ್ನು ಮರಳಲ್ಲಿ ಇಟ್ಟು ಗಾಡಿಯ ಬದಲು ಜಾಕನ್ನೇ ನೆಲದೊಳಗೆ ಇಳಿಸಿದವನು ಅವನು. ಇಂಜಿನ್ ಬದಲಿಸುವುದು ಮಕ್ಕಳಾಟವಲ್ಲ. ನಿಜ ಹೇಳು, ಹಳೆಯ ಇಂಜಿನ್ ಎಲ್ಲಿದೆ? ಮಾರಲಿಲ್ಲ ತಾನೆ? ಚೆನ್ನಾಗಿರುವುದನ್ನು ಮಾರಿ ಗುಜರಿಯದನ್ನು ಕೂರಿಸುವವರು ಊರಿಗೊಬ್ಬರಿದ್ದಾರೆ. ಹೊಸದು ಎಲ್ಲಿಂದ ಬರುತ್ತದೆ? ಅವನೇ ತನ್ನ ಕೈಯಿಂದ ನನಗೆ ಬರೆಯಲಿ.

ಕಾಲು ಇದ್ದ ಹಾಗೇ ಇದೆ. ಡಾಕ್ಟರುಗಳಿಗೆ ನೋಡುವುದಕ್ಕಿಂತ ಬರೆಯುವುದೇ ಹೆಚ್ಚು. ಲತೀಫಾ ಉಪ್ಪಿಲ್ಲದ ಗಂಜಿ ಕೊಟ್ಟು "ಚೆನ್ನಾಗಿದ್ಯಾ ಮಾವ?" ಅಂತ ಕೇಳುತ್ತಾಳೆ. ಹೌದು ಎನ್ನುತ್ತೇನೆ. ಇಲ್ಲಿ ಸುಳ್ಳು ಹೇಳುವುದನ್ನು ಕಲಿತಿದ್ದೇನೆ.

ಬೆಲ್ಗಾಸಿಮ್

~

ಜರ್ಜಿಸ್, 25 ಅಕ್ಟೋಬರ್ 1992

ಪ್ರೀತಿಯ ಅಪ್ಪನಿಗೆ,

ಹಳೆಯ ಇಂಜಿನ್ ಎಲ್ಲಿಗೂ ಹೋಗಿಲ್ಲ. ಹೊರಗೆ ತೆಗೆದು ನೀರಿನ ತೊಟ್ಟಿಯ ಪಕ್ಕ ಗೋಣಿ ಹೊದಿಸಿ ಇಟ್ಟಿದೆ. ಬೇಕಾದರೆ ಯಾರನ್ನಾದರೂ ಕಳಿಸಿ ನೋಡಿಸಿ.

ಬಂದರಿನಿಂದ ಸರಪಳಿ ರಾಟೆ ತಂದು, ಮೂರು ನೀಲಗಿರಿ ಕಂಬಗಳನ್ನು ತುದಿಯಲ್ಲಿ ಕಟ್ಟಿ ನಿಲ್ಲಿಸಿ, ಅದಕ್ಕೆ ತೂಗುಹಾಕಿ ತೆಗೆದದ್ದು. ಮೊದಲು ಮುಂದಿನ ಜಾಲರಿ ಮತ್ತು ರೇಡಿಯೇಟರ್ ಬಿಚ್ಚಿ, ಡೀಸೆಲ್ ಪೈಪುಗಳ ಬಾಯಿಗೆ ಬಟ್ಟೆ ತುರುಕಿ, ಗೇರ್ ಬಾಕ್ಸ್ ಕೆಳಗೆ ಬೀಳದಂತೆ ಜಾಕು, ಮರದ ದಿಮ್ಮಿ ಕೊಟ್ಟಿತ್ತು. ಗೇರ್ ಬಾಕ್ಸನ್ನು ಹಿಡಿದಿರುವ ಬೋಲ್ಟುಗಳಲ್ಲಿ ಎಲ್ಲಕ್ಕಿಂತ ಮೇಲಿನದು ಮಾತ್ರ ತುಂಬ ಕಾಡಿತು. ಕಣ್ಣಿಗೆ ಕಾಣುವುದಿಲ್ಲ, ಮೊಣಕೈವರೆಗೂ ಒಳಗೆ ತೂರಿಸಿ ಬೆರಳಲ್ಲೇ ತಡವಬೇಕು. ಆದರೂ ಬಂತು.

ಹೊಸದೆಂದರೆ ಹೊಸದೇನಲ್ಲ. ಬೆನ್ ಗರ್ದಾನ್ ರಸ್ತೆಯಲ್ಲಿ ಮಗುಚಿಬಿದ್ದ ಒಂದು ಬ್ರೆಡ್ ವ್ಯಾನಿನದು. ಮೈ ನಜ್ಜುಗುಜ್ಜಾಗಿದೆ, ಇಂಜಿನ್‌ಗೆ ಏನೂ ಆಗಿಲ್ಲ. ಇಳಿಸಿಕೊಳ್ಳುವ ಮೊದಲು ಅಲ್ಲೇ ಚಾಲೂ ಮಾಡಿಸಿ ಕೇಳಿದ್ದಾಯಿತು. ಲಸಾದ್‌ಗೆ ಬರೆಯಲು ಪುರುಸೊತ್ತಿಲ್ಲ, ಕೈಯೆಲ್ಲ ಗ್ರೀಸು. ಸಲಾಮು ಹೇಳಿದ್ದಾರೆ.

ಈಗ ನಾನೊಂದು ಕೇಳುತ್ತೇನೆ. ನಿಮ್ಮ ಲಕೋಟೆಯ ಮೇಲೆ ವಿಳಾಸ ಬರೆದವರು ಲತೀಫಾ ಅತ್ತಿಗೆ. ಯಾಕೆ? ನೀವು ವಿಳಾಸವನ್ನು ಬೇರೆಯವರ ಕೈಗೆ ಕೊಡುವವರಲ್ಲ. ಮೊಂಜಿ ಅಣ್ಣ ಫೋನು ಮಾಡಿ, ಹಳೆಯ ವ್ಯಾನಿಗೆ ಈಗ ಯಾರು ಗಿರಾಕಿ ಸಿಗುತ್ತಾರೆಂದು ಬಂದರಿನ ದಲ್ಲಾಳಿಯನ್ನು ವಿಚಾರಿಸಿದ್ದಾನೆ. ಇದು ನನ್ನ ಕಿವಿಗೆ ಬಿದ್ದಿದೆ. ನೀವಿನ್ನೂ ಬದುಕಿರುವಾಗಲೇ ವ್ಯಾನಿಗೆ ಗಿರಾಕಿ ಹುಡುಕುವಷ್ಟು ಅವನಿಗೆ ಅವಸರವೇನು? ನಿಮ್ಮಿಂದ ಯಾವ ಕಾಗದಕ್ಕಾದರೂ ಸಹಿ ಹಾಕಿಸಿಕೊಂಡಿದ್ದಾನೆಯೇ?

ಸಾಲ್ಹಾ

~

ಟ್ಯೂನಿಸ್, 3 ನವೆಂಬರ್ 1992

ಸಾಲ್ಹಾ,

ಮೊಂಜಿಗೆ ಕಂಡದ್ದರ ಬೆಲೆಯನ್ನೆಲ್ಲ ಕೇಳುವ ಚಟ. ಚಂದ್ರನ ಬೆಲೆಯನ್ನೂ ಕೇಳುತ್ತಾನೆ. ಅದನ್ನು ಬಿಡು. ಲಕೋಟೆಯ ಹೊತ್ತಿಗೆ ನಾನು ಮಲಗಿದ್ದೆ, ಅವಳು ಬರೆದಳು, ಅಷ್ಟೆ.

ಆ ಬೋಲ್ಟಿನ ವಿಷಯಕ್ಕೆ ಬರೋಣ. ಎಲ್ಲಕ್ಕಿಂತ ಮೇಲಿನ ಬೋಲ್ಟು. ಮೊಣಕೈವರೆಗೂ ತೂರಿಸಿ ತಡವಿದರೆ ಬಂತು ಎಂದು ಬರೆದಿದ್ದೀಯ. ಅದು ಲಸಾದ್‌ನ ಕೈ ಹೋಗುವ ಜಾಗವಲ್ಲ. ನಿನ್ನ ಮದುವೆಯ ದಿನ ಅವನ ಕೈ ಕುಲುಕಿದ್ದೇನೆ, ಸಲಿಕೆಯನ್ನು ಹಿಡಿದ ಹಾಗಿತ್ತು. ನನ್ನ ಕೈಯೂ ಅಲ್ಲಿಗೆ ಹೋಗುತ್ತಿರಲಿಲ್ಲ, ಅದಕ್ಕೇ ಬೋಲ್ಟು ಬಿಚ್ಚಲು ಉದ್ದನೆಯ ಪಾನಾ ಬೆಸುಗೆ ಹಾಕಿಸಿ ಇಟ್ಟುಕೊಂಡಿದ್ದೆ. ಆ ಪಾನಾ ಇಲ್ಲಿ ನನ್ನ ಪೆಟ್ಟಿಗೆಯಲ್ಲೇ ಇದೆ, ಹೊರಡುವಾಗ ಬೇಕೆಂದೇ ತಂದೆ, ನಾನಿಲ್ಲದಾಗ ಯಾರೂ ಇಂಜಿನ್ ಬಿಚ್ಚಬಾರದೆಂದು.

ಹಾಗಾದರೆ ನನ್ನ ಅಂಗಳದಲ್ಲಿ ಕೆಲಸ ಮಾಡುತ್ತಿರುವವನು ಯಾರು? ಸಣ್ಣ ಕೈಯ ಯಾವನೋ ಒಬ್ಬನನ್ನು ಕರೆಸಿದ್ದೀರಿ. ಯಾವ ಊರಿನವನು? ದಿನವಿಡೀ ಮನೆಯಲ್ಲೇ ಇರುತ್ತಾನೆಯೇ? ಲಸಾದ್ ಇರುವಾಗ ಬರುತ್ತಾನೋ ಇಲ್ಲದಾಗಲೋ? ನನಗೆ ಸಿಟ್ಟು ಬರಿಸಬೇಡ, ಆದರೆ ಸುಳ್ಳನ್ನೂ ಬರೆಯಬೇಡ.

ಖ್ಲೀಫಾನಿಗೆ ಹೇಳಿಕಳಿಸಿದ್ದೇನೆ. ಬಾಡಿಗೆ ಕಾರು ಓಡಿಸುತ್ತ ಇಲ್ಲಿಗೂ ಅಲ್ಲಿಗೂ ಹೋಗಿಬರುವವನು ಅವನೊಬ್ಬನೇ ನನಗೆ ಉಳಿದ ಕಣ್ಣು. ಹಳೆಯ ಇಂಜಿನ್ ಮೇಲಿನ ನಂಬರು ನನಗೆ ಬಾಯಿಪಾಠ, ಅವನಿಗೆ ಬರೆದುಕೊಟ್ಟಿದ್ದೇನೆ. ಗೋಣಿ ತೆಗೆದು ತೋರಿಸು.

ಬೆಲ್ಗಾಸಿಮ್

~

ಜರ್ಜಿಸ್, 12 ನವೆಂಬರ್ 1992

ಅಪ್ಪನಿಗೆ,

ನಿಮ್ಮ ಗೂಢಚಾರ ಬಂದಿದ್ದರು. ಬಾಗಿಲು ತಟ್ಟದೆ, ಹಿಂದಿನ ಗೋಡೆಯ ಕಡೆಯಿಂದ, ಕೆಮ್ಮುತ್ತ. ಕಳ್ಳನ ಹಾಗೆ ಬರಬೇಕೆಂದುಕೊಂಡವರು ಕೆಮ್ಮುವುದನ್ನಾದರೂ ಬಿಡಬೇಕಿತ್ತು.

"ಏನ್ ಖ್ಲೀಫಾ ಮಾಮ, ದಾರಿ ತಪ್ಪಿತಾ?" ಅಂದೆ.

"ಇಲ್ಲಮ್ಮ, ಹೀಗೇ. ಅಂಜೂರ ಹೇಗಿದೆ ನೋಡೋಣ ಅಂತ."

"ನವೆಂಬರ್‌ನಲ್ಲಿ ಅಂಜೂರಾನಾ?"

"ಮರ ಹೇಗಿದೆ ಅಂತ ಕಣಮ್ಮ. ಮರ ನೋಡಬಾರದಾ?"

ಗೋಣಿ ತೆಗೆದು ತೋರಿಸಿದೆ. ಜೇಬಿನಿಂದ ಚೀಟಿ ತೆಗೆದು, ಕನ್ನಡಕ ಏರಿಸಿ, ಬೆರಳಿಟ್ಟು ಓದಿ ನಂಬರು ಹೊಂದಿಸಿದರು. ನಾಚಿಕೆಯಾಯಿತೆಂದು ಕಾಣುತ್ತದೆ, ಚಹಾ ಕೊಟ್ಟಾಗ ತಲೆ ಎತ್ತಲಿಲ್ಲ. "ಅಳಿಯ ಎಲ್ಲಿ?" ಅಂದರು. ಮೆದ್‌ನೀನ್‌ಗೆ ಇಂಜಿನ್ ಕೂರುವ ರಬ್ಬರು ತರಲು ಹೋಗಿದ್ದಾರೆ ಅಂದೆ. ಕಾಯುತ್ತೇನೆಂದು ಕೂತರು. ಪುದೀನ ಚಹಾ ಮೂರು ಸಲ ಮುಗಿಸಿ ಎದ್ದು ಹೋದರು. ನೋಡಿದ್ದನ್ನು ಅವರೇ ಹೇಳಲಿ.

ನನ್ನ ಮನೆಯಲ್ಲಿ ಪರ ಗಂಡಸು ಇದ್ದಾನೆಂದು ನೀವು ಬರೆದಿರಿ. ಬರೆಯಲು ನಿಮಗೆ ಕೈ ಹೇಗೆ ಬಂತು? ಹಾಗೆ ಬೇರೆ ಯಾರಾದರೂ ಹೇಳಿದ್ದರೆ ನೀವೇ ಅವರ ಮೇಲೆ ವ್ಯಾನು ಹತ್ತಿಸುತ್ತಿದ್ದಿರಿ.

ನಿಮ್ಮ ಕಾಲಿನ ಬಗ್ಗೆ ಈ ಸಲ ಒಂದು ಅಕ್ಷರವಿಲ್ಲ. ಖ್ಲೀಫಾ ಮಾಮನನ್ನು ಕೇಳಿದೆ. "ಚೆನ್ನಾಗಿದ್ದಾನೆ, ಚೆನ್ನಾಗಿದ್ದಾನೆ" ಅಂತ ಎರಡು ಸಲ ಅಂದು ಅಂಜೂರದ ಮರವನ್ನೇ ನೋಡಿದರು. ಚೆನ್ನಾಗಿದ್ದರೆ ಒಂದು ಸಲ ಅಂದರೆ ಸಾಕಿತ್ತು.

ಸಾಲ್ಹಾ

~

ಟ್ಯೂನಿಸ್, 20 ನವೆಂಬರ್ 1992

ಸಾಲ್ಹಾ,

ಖ್ಲೀಫಾ ಬಂದು ಹೋದ. ನಿಮ್ಮಿಬ್ಬರಲ್ಲಿ ಏನೋ ಒಪ್ಪಂದವಾಗಿದೆ.

"ಹೇಗಿದೆ ಕೆಲಸ?" ಅಂದೆ. "ಬಂಗಾರದ ಕೆಲಸ ಕಣೋ ಬೆಲ್ಗಾಸಿಮ್" ಅಂದ. "ಅಳಿಯನನ್ನ ನೋಡಿದ್ಯಾ?" ಅಂದೆ. "ಅಂಥ ಅಳಿಯ ಸಿಗಬೇಕಲ್ಲ ಮಾರಾಯ" ಅಂದು ಲತೀಫಾ ಕೊಟ್ಟ ಉಪ್ಪಿಲ್ಲದ ಗಂಜಿಯನ್ನು ಗಬಗಬ ಉಂಡ. ಖ್ಲೀಫಾ ಇದುವರೆಗೆ ಯಾರ ಕೆಲಸವನ್ನೂ ಹೊಗಳಿದವನಲ್ಲ. ನಾನು ಹೊಸದಾಗಿ ಬಣ್ಣ ಹೊಡೆಸಿದಾಗ ವ್ಯಾನನ್ನು ಸುತ್ತಿ ಬಂದು "ಚಕ್ರ ದುಂಡಗಿದೆ" ಎಂದಷ್ಟೇ ಹೇಳಿದವನು. ಹೊಗಳುತ್ತಾನೆ ಎಂದರೆ ಏನನ್ನೋ ಮುಚ್ಚಿಡುತ್ತಾನೆ.

ಕ್ಲಚ್ ಪ್ಲೇಟನ್ನು ನಟ್ಟನಡುವೆ ಕೂರಿಸಲು ಏನು ಬಳಸಿದ ಅಂತ ಕೇಳಿದೆ. ಯೋಚಿಸದೆ ಬಾಯಿಬಿಟ್ಟ: "ನೂಲುವ ಕದಿರು ಕಣೋ, ಬಟ್ಟೆ ಸುತ್ತಿ ಸರಿಯಾದ ದಪ್ಪ ಮಾಡಿದ್ದಳು." ಮಾಡಿದ್ದಳು. ಆಮೇಲೆ ನಾಲಿಗೆ ಕಚ್ಚಿಕೊಂಡು "ಮಾಡಿದ್ದ" ಅಂದ. ನಾನು ಕಿವುಡನಲ್ಲ.

ಇನ್ನೊಂದು. ನಿನ್ನ ಅತ್ತೆ ಮ್ಬಾರ್ಕಾ ಊರಲ್ಲಿ ಏನು ಹೇಳುತ್ತಿದ್ದಾಳೆಂದು ಇಲ್ಲಿ ನಿಲ್ದಾಣದಲ್ಲಿ ಸಿಕ್ಕ ಚಾಲಕನೊಬ್ಬ ಮೊಂಜಿಗೆ ಹೇಳಿದ. ಲಸಾದ್ ಸ್ಫಾಕ್ಸ್‌ನಲ್ಲಿ ಮೀನು ದೋಣಿಗೆ ಸೇರಿದ್ದಾನೆ ಅನ್ನುತ್ತಾಳಂತೆ. ನೀನು ಅಂಗಳದಲ್ಲಿದ್ದಾನೆ ಅನ್ನುತ್ತೀಯ. ಮೆದ್‌ನೀನ್‌ಗೆ ಹೋಗಿದ್ದಾನೆ ಎಂದೂ ಅನ್ನುತ್ತೀಯ. ಒಬ್ಬನೇ ಮನುಷ್ಯ ಮೂರು ಕಡೆ ಇರಲಾರ. ಮೂರು ಕಡೆ ಇದ್ದಾನೆಂದರೆ ಎಲ್ಲೂ ಇಲ್ಲ ಎಂದರ್ಥ.

ಜರ್ಜಿಸ್‌ನ ಗಂಡಸರು ಹೇಳದೆ ಎಲ್ಲಿಗೆ ಹೋಗುತ್ತಾರೆಂದು ನನಗೆ ಗೊತ್ತಿದೆ. ನಮ್ಮ ಕಡಲಿನ ಆಚೆ ದಡ ಯಾವುದೆಂದೂ ಗೊತ್ತಿದೆ. ನಿಜ ಬರೆ.

ನಿನ್ನ ಅಪ್ಪ

~

ಜರ್ಜಿಸ್, 28 ನವೆಂಬರ್ 1992

ಅಪ್ಪಾ,

ಹೌದು. ಅವನು ಹೋದ. ಇಂಜಿನ್ ಕಿರುಚಿ ನಿಂತ ವಾರವೇ. ಮೀನು ದೋಣಿಯೊಂದರಲ್ಲಿ ಇನ್ನೂ ಕೆಲವರ ಜೊತೆ ಇಟಲಿಯ ಕಡೆ. ನನಗೆ ಹೇಳಲಿಲ್ಲ, ಅವನ ತಾಯಿಗೂ ಹೇಳಲಿಲ್ಲ. ಬೆಳಗ್ಗೆ ಎದ್ದಾಗ ಅವನ ಚಪ್ಪಲಿ ಇತ್ತು, ಬೂಟು ಇರಲಿಲ್ಲ. ತಲುಪಿದನೋ ಇಲ್ಲವೋ ಗೊತ್ತಿಲ್ಲ. ಬಂದರಿನಲ್ಲಿ ಯಾರನ್ನು ಕೇಳಿದರೂ ಸಮುದ್ರವನ್ನೇ ನೋಡುತ್ತಾರೆ. ಅತ್ತೆ ಸ್ಫಾಕ್ಸ್ ಅನ್ನುತ್ತಾರೆ. ಅನ್ನಲಿ ಬಿಡಿ, ಅದರ ಮೇಲೇ ಅವರು ಬದುಕಿದ್ದಾರೆ.

ನಿಮಗೆ ಯಾಕೆ ಹೇಳಲಿಲ್ಲವೆಂದರೆ, ಹೇಳಿದ್ದರೆ ನೀವು ಮೊಂಜಿ ಅಣ್ಣನನ್ನು ಕಳಿಸಿ, ಮನೆಗೆ ಬೀಗ ಹಾಕಿಸಿ, ನನ್ನನ್ನು ಟ್ಯೂನಿಸ್‌ಗೆ ಕರೆಸಿಕೊಳ್ಳುತ್ತಿದ್ದಿರಿ. ಲತೀಫಾ ಅತ್ತಿಗೆಯ ಅಡುಗೆಮನೆಯಲ್ಲಿ ಕೂತು ಯಾರದೋ ಸುದ್ದಿಗೆ ಕಾಯುತ್ತ ನಾನು ಮುದುಕಿಯಾಗುತ್ತಿದ್ದೆ. ಇನ್ನೊಂದು ಕಾರಣವೂ ಇದೆ. "ನಾನು ಅವತ್ತೇ ಹೇಳಿದ್ದೆ" ಎಂದು ನೀವು ಬರೆಯುವುದನ್ನು ಓದಲು ನನಗೆ ಧೈರ್ಯವಿರಲಿಲ್ಲ.

ಇಂಜಿನ್ ತೆಗೆದದ್ದು ನಾನು. ರಾಟೆಯ ಸರಪಳಿ ಎಳೆದದ್ದು ಅತ್ತೆ. ಒಂದೊಂದು ಎಳೆತಕ್ಕೂ ಬಿಸ್ಮಿಲ್ಲಾ ಅನ್ನುತ್ತ ಎಳೆದರು. ಇಂಜಿನ್ ಗಾಳಿಯಲ್ಲಿ ತೂಗಾಡುವಾಗ ನನಗಿಂತ ಅವರೇ ಗಟ್ಟಿಯಾಗಿದ್ದರು. ಬ್ರೆಡ್ ವ್ಯಾನಿನ ಇಂಜಿನ್‌ಗೆ ನನ್ನ ಮದುವೆಯ ಕಾಲ್ಕಡಗ ಕೊಟ್ಟೆ. ಖ್ಲೀಫಾ ಮಾಮ ಬಂದ ದಿನದ್ದನ್ನೂ ನಾನು ನಿಮಗೆ ಪೂರ್ತಿ ಬರೆದಿರಲಿಲ್ಲ. ಅವರು ಬಂದಾಗ ನಾನು ವ್ಯಾನಿನ ಕೆಳಗಿದ್ದೆ. ಕಾಲು ಮಾತ್ರ ಕಾಣುತ್ತಿತ್ತಂತೆ. "ಏಯ್ ಲಸಾದ್, ಯಾವಾಗಿನಿಂದ ಹೆಂಗಸಿನ ಚಪ್ಪಲಿ ಹಾಕ್ಕೊಳ್ತೀಯೋ?" ಅಂದರು. ಹೊರಗೆ ಬಂದಾಗ ಅವರು ನಗಲಿಲ್ಲ. ನಿಮಗೆ ಹೇಳಬಾರದೆಂದು ಕಾಲು ಹಿಡಿದುಕೊಂಡೆ. ಅಂಗಿಯ ತೋಳು ಮಡಚಿ ಇಂಜಿನ್ ಕೂರಿಸಲು ಅವರೂ ಹೆಗಲು ಕೊಟ್ಟರು. ಆ ಮೇಲಿನ ಬೋಲ್ಟನ್ನು ಮಾತ್ರ ನಾನೇ ಬಿಗಿದೆ.

ಈಗ ಎಲ್ಲ ಕೂತಿದೆ, ಆದರೆ ಚಾಲೂ ಆಗುತ್ತಿಲ್ಲ. ಸ್ಟಾರ್ಟರ್ ತಿರುಗುತ್ತದೆ, ಇಂಜಿನ್ ಎರಡು ಸಲ ಕೆಮ್ಮುತ್ತದೆ, ಸಾಯುತ್ತದೆ. ಫಿಲ್ಟರಿನ ಹತ್ತಿರ ಸ್ಕ್ರೂ ಸಡಿಲಿಸಿ ಕೈಪಂಪು ಒತ್ತಿ ಗಾಳಿ ತೆಗೆದೆ. ಸ್ವಲ್ಪ ಹೊತ್ತಿಗೆ ಮತ್ತೆ ಗುಳ್ಳೆ. ಎಷ್ಟು ತೆಗೆದರೂ ಗುಳ್ಳೆ. ಕೊಯ್ಲು ಶುರುವಾಗಿದೆ, ಹೆಂಗಸರು ಲಾರಿ ಹತ್ತಿದ್ದಾರೆ. ನಿನ್ನೆ ನಮ್ಮ ಮನೆಯ ಮುಂದೆ ಹಾದುಹೋಗುವಾಗ ಹಬೀಬಾಳ ತಂಗಿ ವ್ಯಾನಿನ ಕಡೆ ಕೈ ತೋರಿಸಿ ಮೇಲಿನಿಂದ ಕೂಗಿದಳು, "ಸಾಲ್ಹಾ, ನಿನ್ನ ಮದುಮಗ ಎದ್ದನಾ?" ಎಲ್ಲರೂ ನಕ್ಕರು. ಲಾರಿ ತಿರುವಿನಲ್ಲಿ ವಾಲಿದಾಗ ನಗು ನಿಂತು, ಒಬ್ಬರನ್ನೊಬ್ಬರು ಹಿಡಿದುಕೊಂಡರು.

ನನ್ನಲ್ಲಿ ಮುಚ್ಚಿಡಲು ಇನ್ನೇನೂ ಉಳಿದಿಲ್ಲ. ಈಗ ನೀವು ಹೇಳಿ. ಕಾಲು ಏನಾಗಿದೆ?

ಸಾಲ್ಹಾ

~

ಟ್ಯೂನಿಸ್, 5 ಡಿಸೆಂಬರ್ 1992

ಮಗಳೇ,

ಕಾಲು ಇಲ್ಲ. ಅಕ್ಟೋಬರ್ ಮೊದಲ ವಾರವೇ ತೆಗೆದರು. ಎಡದ್ದು, ಹಿಮ್ಮಡಿಗಿಂತ ಸ್ವಲ್ಪ ಮೇಲಕ್ಕೆ. ಆಸ್ಪತ್ರೆಯ ಮಂಚದಲ್ಲಿ ಬರೆದ ಕಾಗದವನ್ನು ಲತೀಫಾ ಲಕೋಟೆಗೆ ಹಾಕಿ ವಿಳಾಸ ಬರೆದಳು. ನಿನ್ನ ಅಣ್ಣನನ್ನು ತಪ್ಪು ತಿಳಿಯಬೇಡ. ವ್ಯಾನಿಗೆ ಗಿರಾಕಿ ಹುಡುಕು ಎಂದವನು ನಾನೇ. ಕ್ಲಚ್ ಒತ್ತುವ ಕಾಲೇ ಹೋದ ಮೇಲೆ ಅಂಗಳದಲ್ಲಿ ಅದನ್ನು ನೋಡಿಕೊಂಡು ಕೂರಲು ನನಗೆ ಆಗುತ್ತಿರಲಿಲ್ಲ. ಅಷ್ಟರಲ್ಲಿ ಇಂಜಿನ್ ಬದಲಿಸುತ್ತೇವೆಂದು ನೀನು ಬರೆದೆ. ಮಾರುವ ಹೊತ್ತಿಗೆ ಇವರೇಕೆ ಇಂಜಿನ್ ಕೂರಿಸುತ್ತಾರೆ, ನನಗಿಂತ ಮೊದಲೇ ಮಾರಲು ಹೊರಟಿದ್ದಾರೆಂದು ನನ್ನ ತಲೆ ಕೆಟ್ಟಿತು.

ಪರ ಗಂಡಸಿನ ಮಾತು ಬರೆದದ್ದಕ್ಕೆ ಏನು ಹೇಳಲಿ. ಆ ಕಾಗದ ಇನ್ನೂ ಇದ್ದರೆ ಒಲೆಗೆ ಹಾಕು.

"ನಾನು ಅವತ್ತೇ ಹೇಳಿದ್ದೆ" ಎಂದು ಬರೆಯುವುದಿಲ್ಲ. ಅವನ ತಾಯಿಗೆ ನನ್ನ ಸಲಾಮು ಹೇಳು. ನಿನ್ನನ್ನು ಇಲ್ಲಿಗೆ ಬಾ ಎಂದೂ ಕರೆಯುವುದಿಲ್ಲ. ನಿನಗೆ ಲೈಸೆನ್ಸ್ ಮಾಡಿಸಿದಾಗ ಮೊಂಜಿ ನನ್ನ ಜೊತೆ ಒಂದು ರಮದಾನ್ ಪೂರ್ತಿ ಮಾತು ಬಿಟ್ಟಿದ್ದ. ಈಗ ಅವನಿಗೆ ಇದನ್ನೆಲ್ಲ ಓದಿ ಹೇಳಿದೆ. ಬಾಲ್ಕನಿಗೆ ಹೋಗಿ ನಿಂತ. ಬಂದು, "ಮೇಲಿನ ಬೋಲ್ಟು ಹಾಕಿದಳಾ?" ಅಂದ.

ಇನ್ನು ಗುಳ್ಳೆ. ಅನುಮಾನ ಪಡುವುದೊಂದು ಕೆಲಸ ನನಗೆ ಚೆನ್ನಾಗಿ ಬರುತ್ತದೆ, ಅದನ್ನೇ ಮಾಡುತ್ತೇನೆ. ನೀನು ಮುಂದಿನ ಕಡೆಯನ್ನೇ ನೋಡುತ್ತಿದ್ದೀಯ. ಗಾಳಿ ಹಿಂದಿನಿಂದ ಬರುತ್ತಿದೆ. ಟ್ಯಾಂಕಿನಿಂದ ಬರುವ ಕಬ್ಬಿಣದ ಕೊಳವೆಗೆ ಒಂದು ಗೇಣು ರಬ್ಬರ್ ಪೈಪು ಜೋಡಿಸಿದೆ, ಚಾಲಕನ ಸೀಟಿನ ಕೆಳಗೆ. ಡೀಸೆಲ್ ಹೊರಗೆ ಸೋರುವುದಿಲ್ಲ, ಅದಕ್ಕೇ ಯಾರೂ ಅದನ್ನು ಹಿಡಿಯುವುದಿಲ್ಲ. ಪಂಪು ಎಳೆದಾಗ ಬಿರುಕಿನಿಂದ ಗಾಳಿ ಕುಡಿಯುತ್ತದೆ. ಹೊಸ ಪೈಪು ಹಾಕಿ ಎರಡು ಕಡೆಯೂ ಕ್ಲಿಪ್ಪು ಬಿಗಿ. ಮತ್ತೆ ಕೈಪಂಪು ಒತ್ತು, ನೊರೆ ನಿಂತು ಡೀಸೆಲ್ ತಿಳಿಯಾಗುವವರೆಗೂ. ಆಮೇಲೆ ಇಂಜೆಕ್ಟರ್ ಪೈಪುಗಳ ನಟ್ಟುಗಳನ್ನು ಅರ್ಧ ಸುತ್ತು ಸಡಿಲಿಸು, ಅತ್ತೆ ಕೀಲಿ ತಿರುಗಿಸಲಿ, ಒಂದೊಂದರಲ್ಲೂ ಡೀಸೆಲ್ ಉಗುಳಿದ ಮೇಲೆ ಬಿಗಿ. ಮುಖ ದೂರ ಇಟ್ಟುಕೋ.

ಇಷ್ಟಕ್ಕೂ ಆಗದಿದ್ದರೆ ಬರೆ. ಆದರೂ ಬರೆ.

ಅಪ್ಪ

~

ಜರ್ಜಿಸ್, 22 ಡಿಸೆಂಬರ್ 1992

ಅಪ್ಪಾ,

ನಿಮ್ಮ ಕಾಗದದ ಮೊದಲ ಸಾಲು ಓದಿ ಮಡಚಿಟ್ಟೆ. ಉಳಿದದ್ದನ್ನು ಮರುದಿನ ಓದಿದೆ. ಅತ್ತೆ ಕೂಸ್‌ಕೂಸ್ ಮಾಡಿ ಮುಂದಿಟ್ಟರು.

ಪೈಪು ಬಿಚ್ಚಿ ಬಗ್ಗಿಸಿದರೆ ಮೀನಿನ ಬಾಯಿಯ ಹಾಗೆ ತೆರೆಯಿತು. ಬದಲಿಸಿದೆ. ನೀವು ಹೇಳಿದ ಹಾಗೇ ಎಲ್ಲ ಮಾಡಿದೆ. ಅತ್ತೆ ಕೀಲಿ ತಿರುಗಿಸಿ ಕಣ್ಣು ಮುಚ್ಚಿಕೊಂಡರು. ಒಮ್ಮೆ ಕೆಮ್ಮಿತು, ಇನ್ನೊಮ್ಮೆ ಕೆಮ್ಮಿತು, ಕಪ್ಪು ಹೊಗೆ ಅಂಗಳವನ್ನೆಲ್ಲ ತುಂಬಿತು, ಆಮೇಲೆ ಹಿಡಿಯಿತು. ಕೋಳಿಗಳು ಗೋಡೆ ಹಾರಿದವು. ಅತ್ತೆ ಕೀಲಿಯನ್ನು ಹಿಡಿದೇ ಇದ್ದರು. "ಬಿಡಿ ಅತ್ತೆ" ಅಂದರೆ "ಬಿಟ್ಟರೆ ನಿಂತುಹೋದ್ರೆ?" ಅಂದರು.

ಎಂಟು ದಿನದಿಂದ ಹೆಂಗಸರನ್ನು ತೋಟಕ್ಕೆ ಒಯ್ಯುತ್ತಿದ್ದೇನೆ. ಎಲ್ಲರೂ ಕೂತು ಹೋಗುತ್ತಾರೆ. ಮೊದಲ ದಿನ ಗುತ್ತಿಗೆದಾರ ದಾರಿಗೆ ಅಡ್ಡ ನಿಂತು "ಇದನ್ನು ಓಡಿಸೋರು ಯಾರು?" ಅಂದ. ಹಬೀಬಾಳ ತಂಗಿ ಕಿಟಕಿಯಿಂದ ತಲೆ ಹಾಕಿ, "ಕಣ್ಣು ಕಾಣಲ್ವಾ? ದಾರಿ ಬಿಡು" ಅಂದಳು. ಬಿಟ್ಟ.

ನಿನ್ನೆ ಸಿಸಿಲಿಯಿಂದ ಕಾಗದ ಬಂತು. ಲಸಾದ್ ಬದುಕಿದ್ದಾನೆ. ಯಾರದೋ ಟೊಮೇಟೊ ತೋಟದಲ್ಲಿದ್ದಾನೆ. ಸಹಿ ನೋಡಿದೊಡನೆ ಚಾಲಕನ ಸೀಟಿನಲ್ಲಿ ಕೂತು ಅತ್ತುಬಿಟ್ಟೆ. ಅಷ್ಟು ದಿನ ಅಳಲು ನನಗೆ ಆಗಿರಲಿಲ್ಲ. ಆಮೇಲೆ ಉಳಿದದ್ದು ಓದಿದೆ. ಹೇಳದೆ ಹೋದದ್ದಕ್ಕೆ ಅರ್ಧ ಸಾಲು. ಅಲ್ಲಿನ ಚಳಿಗೆ ಎರಡು ಸಾಲು. ಮಿಕ್ಕ ಪುಟವೆಲ್ಲ ಒಂದೇ ಪ್ರಶ್ನೆ. ಜರ್ಜಿಸ್‌ನ ಯಾವನೋ ಅವನಿಗೆ ಹೇಳಿದ್ದಾನಂತೆ, ನಮ್ಮ ಅಂಗಳದಲ್ಲಿ ತಿಂಗಳುಗಟ್ಟಲೆ ಸುತ್ತಿಗೆಯ ಸದ್ದು ಕೇಳುತ್ತಿತ್ತು, ವ್ಯಾನಿಗೆ ಬೇರೆ ಇಂಜಿನ್ ಕೂತಿದೆ ಎಂದು. "ಆ ಗಂಡಸು ಯಾರು?" ಎಂದು ಕೇಳಿದ್ದಾನೆ.

ಅತ್ತೆಗೆ ಓದಿ ಹೇಳಿದೆ. ಮಗ ಬದುಕಿದ್ದಾನೆಂದು ತಿಳಿದು ಮೊದಲು ನೆಲಕ್ಕೆ ಹಣೆ ಮುಟ್ಟಿಸಿದರು. ಎದ್ದ ಮೇಲೆ, "ಇದ್ದಾನೆ ಅಂತ ಬರಿ. ಮೀಸೆ ಇರೋನು ಅಂತ ಬರಿ. ಹೊಟ್ಟೆ ಉರಿದ್ರೆ ಬೇಗ ಬರ್ತಾನೆ" ಅಂದರು.

ಹಾಗೆ ಬರೆಯಲಿಲ್ಲ. ಇದ್ದದ್ದನ್ನೇ ಬರೆದೆ. ಗಂಡಸು ಯಾರೂ ಇರಲಿಲ್ಲ, ನಾನು ಬಿಚ್ಚಿದೆ, ನಿನ್ನ ತಾಯಿ ಸರಪಳಿ ಎಳೆದರು, ಓಡಿಸುತ್ತಿರುವುದೂ ನಾನೇ ಎಂದು. ಅವನು ನಂಬುವುದಿಲ್ಲ, ಅದು ನನಗೆ ಗೊತ್ತು. ನಂಬಿಸಲು ಇನ್ನೊಂದು ಕಾಗದ ಬರೆಯುವುದಿಲ್ಲವೆಂದೂ ಬರೆದಿದ್ದೇನೆ. ಬೇಕಿದ್ದರೆ ಬಂದು ನೋಡಲಿ.

ಕೊಯ್ಲು ಮುಗಿದ ವಾರ ಟ್ಯೂನಿಸ್‌ಗೆ ಬರುತ್ತೇನೆ, ನಿಮ್ಮನ್ನು ಕರೆದೊಯ್ಯಲು. ಮೊಂಜಿ ಅಣ್ಣ ನಿಮ್ಮನ್ನು ಮೆಟ್ಟಿಲಿನಿಂದ ಇಳಿಸಿಕೊಡಲಿ. ಮುಂದಿನ ಸೀಟನ್ನು ನಿಮಗಾಗಿ ಸರಿಮಾಡಿದ್ದೇನೆ. ದಾರಿಯುದ್ದಕ್ಕೂ ನೀವು ನನ್ನ ಓಡಿಸುವಿಕೆಯಲ್ಲಿ ತಪ್ಪು ಹುಡುಕುತ್ತೀರಿ. ಹುಡುಕಿ ಅಪ್ಪ, ನಾನು ಕೇಳಿಸಿಕೊಳ್ಳುತ್ತೇನೆ.

ನಿಮ್ಮ
ಸಾಲ್ಹಾ